ಎಂಬತ್ತೊಂದರ ತಾಯಿಗೆ ಮನೆಯಲ್ಲೇ ಸ್ನಾಯುಬಲದ ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ: ಸಾಗರ ಸೀಮೆಯವಳು

ಮಾನ್ಯರೇ,

ನನ್ನ ತಾಯಿಗೆ ಈಗ 81 ವರ್ಷ. ಸಾಗರದ ಬಳಿಯ ನಮ್ಮ ಹಳೆಯ ಮನೆಯಲ್ಲಿ ನನ್ನೊಡನೆಯೇ ಇದ್ದಾರೆ. ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅದಕ್ಕೆ ಮೊದಲು ಯಾರ ಆಸರೆಯೂ ಇಲ್ಲದೆ ಬಚ್ಚಲುಮನೆಗೆ ಹೋಗಿ ಬರುತ್ತಿದ್ದವರು, ಮನೆಗೆ ಮರಳಿದ ಮೇಲೆ ಕುರ್ಚಿಯಿಂದ ಏಳಬೇಕಾದರೂ ಎರಡೂ ಕೈ ಊರಿ, ಎರಡು ಮೂರು ಸಲ ಮೈ ತೂಗಿ, ಕೊನೆಗೆ ನನ್ನನ್ನು ಕರೆಯುವಂತಾಗಿದ್ದಾರೆ. ಎರಡು ವರ್ಷದ ಹಿಂದೆ 50 ಕೆ.ಜಿ. ಇದ್ದ ತೂಕ ಈಗ 44ಕ್ಕೆ ಇಳಿದಿದೆ. ಎರಡು ತಿಂಗಳ ಹಿಂದೆ ಬಚ್ಚಲಿನ ಮೆಟ್ಟಿಲಲ್ಲಿ ಒಮ್ಮೆ ಜಾರಿ ಬಿದ್ದರು; ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ಹೆದರಿಕೆ ಮಾತ್ರ ಬಿಟ್ಟಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ರಕ್ತದೊತ್ತಡಕ್ಕೆ ಎರಡು ಮಾತ್ರೆ, ರಾತ್ರಿ ನಿದ್ರೆಗೊಂದು ಮಾತ್ರೆ ನಡೆಯುತ್ತಿದೆ. ಬಲಗಾಲಿನ ಮಂಡಿ ಸವೆದಿದೆ ಎಂದು ಹೇಳಿದ್ದಾರೆ.

ವೈದ್ಯರು ನಡೆಸಿರಿ ಎಂದರು. ಜಗಲಿಯ ಮೇಲೆ ದಿನವೂ ಇಪ್ಪತ್ತು ನಿಮಿಷ ನಡೆಸುತ್ತಿದ್ದೇನೆ. ಆರು ತಿಂಗಳಾದರೂ ಕುರ್ಚಿಯಿಂದ ಏಳುವ ವಿಷಯದಲ್ಲಿ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ. ನಡುವೆ ಒಬ್ಬರು ಹತ್ತು ದಿನ ಮನೆಗೆ ಬಂದು ಮಂಡಿಗೆ ಶಾಖದ ಯಂತ್ರ ಇಟ್ಟು, ಕೈಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಹಣ ಪಡೆದು ಹೋದರು. ಬೆಂಗಳೂರಿನಲ್ಲಿರುವ ನನ್ನ ಅಣ್ಣ, ಅಮ್ಮನಿಗೆ ಭಾರ ಎತ್ತುವ ವ್ಯಾಯಾಮವೇ ಬೇಕು ಎನ್ನುತ್ತಾನೆ. ಚಿಕ್ಕಪ್ಪನವರು, ಜೀವಮಾನವೆಲ್ಲ ದುಡಿದ ಜೀವಕ್ಕೆ ಈಗಲಾದರೂ ವಿಶ್ರಾಂತಿ ಕೊಡಬಾರದೇ ಎಂದು ನನ್ನನ್ನೇ ಗದರುತ್ತಾರೆ. ಅಮ್ಮನನ್ನು ಕೇಳಿದರೆ, "ಅರವತ್ತು ವರ್ಷ ಬಾವಿಯಿಂದ ನೀರು ಸೇದಿದ್ದೇನೆ, ಇನ್ನು ಕಲ್ಲು ಎತ್ತುವುದೊಂದು ಬಾಕಿ ಇತ್ತೇ?" ಎಂದು ನಗುತ್ತಾರೆ.

ಈ ವಯಸ್ಸಿನಲ್ಲಿ ಸ್ನಾಯು ಮತ್ತೆ ಬಲಗೊಳ್ಳುವುದು ನಿಜವೇ? ಮಂಡಿ ಸವೆದವರಿಗೆ, ಒಮ್ಮೆ ಬಿದ್ದವರಿಗೆ ಮನೆಯಲ್ಲಿ ಇದನ್ನು ಮಾಡಿಸುವುದು ಕ್ಷೇಮವೇ? ಮಾಡಿಸುವುದಾದರೆ ಎಲ್ಲಿಂದ ಆರಂಭಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮನೆಭೇಟಿಯ ಫಿಸಿಯೋಥೆರಪಿಸ್ಟ್, ಧಾರವಾಡ

ಮೇಡಂ, ತಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಸ್ಸಂದೇಹವಾಗಿ ಹೌದು. 1990ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೃದ್ಧರ ಶುಶ್ರೂಷಾಲಯವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರಿಗೆ, ಅವರವರ ಗರಿಷ್ಠ ಸಾಮರ್ಥ್ಯದ ಶೇ. 80ರಷ್ಟು ಭಾರದಿಂದ ವಾರಕ್ಕೆ ಮೂರು ದಿನದಂತೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಉಳಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಶೇ. 9ರಷ್ಟು ಮಾತ್ರ. ಈ ಎರಡು ಅಂಕಿಗಳ ಅಂತರವನ್ನು ಗಮನಿಸಬೇಕು. ಮೊದಲ ವಾರಗಳಲ್ಲಿ ಬರುವ ಬಲದ ಬಹುಪಾಲು ಸ್ನಾಯು ದಪ್ಪವಾಗುವುದರಿಂದ ಬರುವುದಲ್ಲ. ಇರುವ ಸ್ನಾಯುವನ್ನು ನರಗಳು ಮತ್ತೆ ಪೂರ್ತಿಯಾಗಿ ಬಳಸಲು ಕಲಿಯುವುದರಿಂದ ಬರುತ್ತದೆ. ಆದ್ದರಿಂದ ಕಾಲು ನೋಡಲು ಹಾಗೆಯೇ ಸಣಕಲಾಗಿದ್ದರೂ ಕೆಲಸ ಸುಲಭವಾಗತೊಡಗುತ್ತದೆ. ಅದು ಯಂತ್ರಗಳಿದ್ದ ಸ್ಥಳದಲ್ಲಿ, ಪಕ್ಕದಲ್ಲಿ ತಜ್ಞರು ನಿಂತು ಮಾಡಿಸಿದ್ದು ಎಂಬುದು ನಿಜ. ಮನೆಯಲ್ಲಿ ಅಷ್ಟೇ ಫಲ ಬರುತ್ತದೆಂದು ನಾನು ಮಾತು ಕೊಡಲಾರೆ. ಆದರೆ ದಿಕ್ಕು ಅದೇ.

ನಡಿಗೆಯಿಂದ ಏಕೆ ಬದಲಾವಣೆ ಆಗಲಿಲ್ಲ ಎಂಬುದು ಇದರಲ್ಲೇ ಇದೆ. ಸಮತಟ್ಟಾದ ಜಗಲಿಯ ಮೇಲೆ ನಿಧಾನವಾಗಿ ನಡೆಯುವಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಬೀಳುವ ಹೊರೆ ಬಹಳ ಕಡಿಮೆ. ಕುರ್ಚಿಯಿಂದ ಮೇಲೇಳುವಾಗ ಬೀಳುವುದು ಅದರ ಹಲವು ಪಟ್ಟು. ಹಗುರವಾದ ಕೆಲಸವನ್ನು ಎಷ್ಟು ಸಲ ಮಾಡಿದರೂ ಭಾರದ ಕೆಲಸಕ್ಕೆ ಬೇಕಾದ ಬಲ ಬರುವುದಿಲ್ಲ. ನಡಿಗೆಯನ್ನು ನಿಲ್ಲಿಸಬೇಡಿ, ಉಸಿರಿಗೂ ಮನಸ್ಸಿಗೂ ಅದು ಬೇಕು. ಅದರಿಂದ ಏಳುವ ಬಲವನ್ನು ನಿರೀಕ್ಷಿಸಬೇಡಿ, ಅಷ್ಟೇ. ವಿಶ್ರಾಂತಿಯ ವಿಷಯವನ್ನು ಚಿಕ್ಕಪ್ಪನವರಿಗೆ ಹೀಗೆ ಹೇಳಿ ನೋಡಿ: 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಅವರ ಕಾಲುಗಳ ಮಾಂಸ ಒಂದು ಕೆ.ಜಿ.ಗೆ ಹತ್ತಿರ ಕರಗಿತ್ತು. ತಮ್ಮ ತಾಯಿಯವರು ಮಲಗಿದ್ದು ಒಂಬತ್ತು ದಿನ, ಅದೂ ಜ್ವರದಲ್ಲಿ.

ಆರಂಭವನ್ನು ಕುರ್ಚಿಯಿಂದಲೇ ಮಾಡಿ. ಕೈಯಿರುವ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಹಿಂದಕ್ಕೆ ಜಾರುತ್ತದೆ. ಆಸನದ ಮೇಲೆ ಜಮಖಾನವನ್ನು ಗಟ್ಟಿಯಾಗಿ ಮಡಿಸಿ ಹಾಕಿ, ಕೈ ಊರದೆ ಏಳಲು ಸಾಧ್ಯವಾಗುವಷ್ಟು ಎತ್ತರ ಮಾಡಿಕೊಳ್ಳಿ. ಕುರ್ಚಿಯ ಕಾಲಿಗೆ ಇಟ್ಟಿಗೆ ಕೊಡಬೇಡಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಮಂಡಿಯ ನೇರಕ್ಕೆ ಬರುವಂತೆ ಮುಂದಕ್ಕೆ ಬಾಗಿ ಏಳಬೇಕು. ಅನೇಕ ವೃದ್ಧರಿಗೆ ಬಲ ಇದ್ದರೂ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಏಳಲು ಹೊರಟು ಹಿಂದಕ್ಕೆ ಬೀಳುತ್ತಾರೆ. ಕೂರುವಾಗ ಧೊಪ್ಪನೆ ಕೂರದೆ ಮೂರು ಎಣಿಸುತ್ತ ಇಳಿಯಬೇಕು. ಇಳಿಯುವ ಈ ಮೂರು ಸೆಕೆಂಡಿನಲ್ಲೇ ಅರ್ಧ ಕೆಲಸ ಅಡಗಿದೆ. ಎಂಟು ಸಲ ಎದ್ದು ಕೂತ ಮೇಲೆ ಇನ್ನೆರಡು ಸಲ ಮಾತ್ರ ಆಗಬಹುದು ಎನ್ನಿಸಿದರೆ ಎತ್ತರ ಸರಿಯಾಗಿದೆ. ಇನ್ನೂ ಹತ್ತು ಸಲ ಮಾಡಬಲ್ಲೆ ಎಂದರೆ ಜಮಖಾನದ ಒಂದು ಮಡಿಕೆ ತೆಗೆಯಿರಿ. ಎರಡು ನಿಮಿಷ ದಣಿವಾರಿಸಿಕೊಂಡು ಇನ್ನೊಂದು ಸುತ್ತು.

ಎರಡನೆಯದು ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿಗಳನ್ನು ಎತ್ತುವುದು. ಮೂರನೆಯದು ಅದೇ ಕಟ್ಟೆ ಹಿಡಿದು ಒಂದೊಂದೇ ಕಾಲನ್ನು ಪಕ್ಕಕ್ಕೆ ಚಾಚುವುದು. ಒಂಟಿ ಕಾಲಿನ ಮೇಲೆ ಭಾರ ಬಿದ್ದಾಗ ಸೊಂಟ ವಾಲದಂತೆ ಹಿಡಿಯುವುದು ಈ ಪಕ್ಕದ ಸ್ನಾಯುಗಳೇ. ನಾಲ್ಕನೆಯದು ಕುರ್ಚಿಯಲ್ಲಿ ಕೂತು ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಮಂಡಿಯನ್ನು ನೇರ ಮಾಡುವುದು. ಚೀಲಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಒಣ ಮರಳನ್ನು ತೂಗಿ ತುಂಬಿ, ಎರಡೂ ಬದಿ ಹೊಲಿದು, ಕಟ್ಟಲು ಲಾಡಿ ಇಟ್ಟರೆ ಸಾಕು. ಅರ್ಧ ಕೆ.ಜಿ.ಯಿಂದ ಹಿಡಿಯಿರಿ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ಬಿಡುವು. ಉಸಿರು ಬಿಗಿಹಿಡಿಯಬಾರದು, ಅವರಿಂದಲೇ ಗಟ್ಟಿಯಾಗಿ ಎಣಿಕೆ ಹೇಳಿಸಿದರೆ ಬಿಗಿಹಿಡಿಯಲು ಆಗುವುದೂ ಇಲ್ಲ. ವ್ಯಾಯಾಮ ಮಾಡುವಾಗ ಮಂಡಿ ಅಷ್ಟಿಷ್ಟು ನೊಂದು, ಮರುದಿನಕ್ಕೆ ನೋವು ಇಳಿದರೆ ಅಂಜಬೇಕಿಲ್ಲ. ನೋವು ಮರುದಿನಕ್ಕೂ ಹೆಚ್ಚೇ ಉಳಿದರೆ, ಇಲ್ಲವೇ ಮಂಡಿ ಊದಿಕೊಂಡರೆ, ಹಿಂದಿನ ಸಲ ಮಾಡಿದ್ದು ಹೆಚ್ಚಾಯಿತೆಂದು ತಿಳಿಯಿರಿ. ಸವೆದ ಮಂಡಿಗೆ ತೊಡೆಯ ಬಲವೇ ಅತ್ಯುತ್ತಮ ಔಷಧಗಳಲ್ಲೊಂದು. ಶಾಖದಿಂದ ಆ ಹೊತ್ತಿಗೆ ಹಾಯೆನಿಸಬಹುದು, ಬಲ ಬರುವುದಿಲ್ಲ. ನಮ್ಮ ವೃತ್ತಿಯವರೇ ಹತ್ತು ದಿನ ಯಂತ್ರವಿಟ್ಟು ಹೋಗುವುದನ್ನು ಕೇಳಿದಾಗ ನನಗೆ ನಾಚಿಕೆಯಾಗುತ್ತದೆ.

ಆರಂಭಿಸುವ ಮೊದಲು ಒಂದು ಅಳತೆ ಬರೆದಿಡಿ. ಜಮಖಾನ ಹಾಕದ ಕುರ್ಚಿಯಿಂದ, ಆದರೆ ಕೈ ಕಟ್ಟಿಕೊಂಡು, ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಬೇಕಾಗುತ್ತದೆ ನೋಡಿ. ಏಷ್ಯಾದ ತಜ್ಞರ 2019ರ ಒಮ್ಮತದಂತೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಕಾಲಿನ ಕಾರ್ಯಶಕ್ತಿ ಕುಂದಿದೆ ಎಂದು ಅರ್ಥ. ಈಗ ಒಂದು ಸಲವೂ ಆಗದಿದ್ದರೆ ಅದನ್ನೇ ಬರೆದಿಡಿ.

ಉತ್ತರ 2: ನಿವೃತ್ತ ಮೇಷ್ಟ್ರು, ಮೈಸೂರು

ನನ್ನ ಅನುಭವ ಸ್ವಲ್ಪ ಬೇರೆ. ನನಗೆ 76 ವರ್ಷ, ಮೂವತ್ತು ವರ್ಷದಿಂದ ಯೋಗಾಸನ ಮಾಡುತ್ತಿದ್ದೇನೆ, ಈಗಲೂ ನೆಲದ ಮೇಲೆ ಕೂತು ಊಟ ಮಾಡಿ ಕೈ ಊರದೆ ಏಳುತ್ತೇನೆ. ಹಾಗಿರುವಾಗ ಮರಳಿನ ಚೀಲ, ಕಬ್ಬಿಣದ ಗುಂಡುಗಳ ಅಗತ್ಯ ನಿಜವಾಗಿಯೂ ಇದೆಯೇ ಎಂಬುದು ನನ್ನ ಸಂಶಯ. ನಮ್ಮ ಹಿರಿಯರು ನೆಲದ ಮೇಲೆ ಕೂತೇ ಏಳುತ್ತಿದ್ದರು, ರುಬ್ಬುತ್ತಿದ್ದರು, ಬೀಸುತ್ತಿದ್ದರು. ಊಟದ ಮೇಜು, ಕಮೋಡು ಬಂದ ಮೇಲೆ ಮಂಡಿ ಮಡಚುವ ಸಂದರ್ಭವೇ ಇಲ್ಲವಾಯಿತು. ತಾಯಿಯವರಿಗೆ ನಿಧಾನವಾಗಿ ಆಸನಗಳನ್ನು ಕಲಿಸಿದರೆ ಸಾಲದೇ?

ಉತ್ತರ 1ರವರಿಂದ ಮರುಮಾತು

ಮೇಷ್ಟ್ರೇ, ತಾವು ನೆಲದಿಂದ ಏಳುವಾಗ ತಮ್ಮ ಇಡೀ ಮೈಭಾರವನ್ನು ಎತ್ತುತ್ತೀರಿ. ಅದು ಭಾರ ಎತ್ತುವ ವ್ಯಾಯಾಮವೇ, ಹೆಸರು ಬೇರೆ ಅಷ್ಟೇ. ಕುರ್ಚಿಯಲ್ಲಿ ಕೂತಂತೆ ಮಂಡಿ ಬಗ್ಗಿಸಿ ಉತ್ಕಟಾಸನದಲ್ಲಿ ನಿಲ್ಲುವವರ ತೊಡೆಗೂ ಬೀಳುವುದು ಹೊರೆಯೇ. ಆದರೆ ಮೂವತ್ತು ವರ್ಷ ಅಭ್ಯಾಸವಿದ್ದವರ ಮೈಯೇ ಬೇರೆ, ಆಸ್ಪತ್ರೆಯಿಂದ ಬಂದು ಕುರ್ಚಿಯಿಂದಲೇ ಏಳಲಾಗದವರ ಮೈಯೇ ಬೇರೆ. ಅಂಥವರಿಗೆ ಕೂತಲ್ಲೇ ಮಾಡಿಸುವ ಹಗುರವಾದ ಆಸನಗಳಲ್ಲಿ ಕೀಲುಗಳು ಸಡಿಲವಾಗುತ್ತವೆ, ಆದರೆ ಹೊರೆ ಹೆಚ್ಚುತ್ತ ಹೋಗುವುದಿಲ್ಲ. ಇಂದು ಅರ್ಧ ಕೆ.ಜಿ., ಹದಿನೈದು ದಿನಕ್ಕೆ ಮುಕ್ಕಾಲು ಎಂಬ ಏರಿಕೆ ಇದ್ದರೆ ಆಸನವೋ ಮರಳಿನ ಚೀಲವೋ ಎಂಬ ಜಗಳವೇ ಬೇಡ. ನೆಲದಿಂದ ಏಳುವುದನ್ನು ಅಮ್ಮನವರಿಗೂ ಮುಂದೊಂದು ದಿನ ಕಲಿಸಲೇಬೇಕು, ಏಕೆಂದರೆ ಒಂಟಿಯಾಗಿದ್ದಾಗ ಬಿದ್ದವರು ಏಳಲಾಗದೆ ಗಂಟೆಗಟ್ಟಲೆ ಬಿದ್ದಿರುವುದು ಬಿದ್ದ ಏಟಿಗಿಂತ ಹೆಚ್ಚಿನ ಕೇಡು ಮಾಡುತ್ತದೆ. ಕುರ್ಚಿ ಸುಲಭವಾದ ಮೇಲೆ ಆ ಮಾತು.

ಉತ್ತರ 3: ವೈದ್ಯ, ದಾವಣಗೆರೆ

ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ. ಆದರೆ ಮರಳು ತೂಗುವ ಮೊದಲು ಎರಡು ವಿಷಯ ಇತ್ಯರ್ಥವಾಗಬೇಕು.

ಎರಡು ವರ್ಷದಲ್ಲಿ ಆರು ಕೆ.ಜಿ. ಇಳಿದದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಬಿಡಬಾರದು. ಬಯಸದೆ ತೂಕ ಇಳಿದಾಗ ಥೈರಾಯ್ಡ್, ಕ್ಷಯ, ಹೊಟ್ಟೆಯ ಕಾಯಿಲೆಗಳು, ಕ್ಯಾನ್ಸರ್ ಇವುಗಳನ್ನು ಪರೀಕ್ಷಿಸಿ ಬದಿಗಿಡಬೇಕು. ಖಿನ್ನತೆಯನ್ನೂ ಬಾಯಿಯನ್ನೂ ಮರೆಯಬಾರದು. ಹಲ್ಲಿನ ಸೆಟ್ಟು ಸಡಿಲವಾಗಿ ಅಗಿಯಲಾಗದೆ ಅನ್ನ ಮಜ್ಜಿಗೆಗೆ ಇಳಿದವರು ನನ್ನ ಬಳಿ ಎಷ್ಟೋ ಮಂದಿ ಬರುತ್ತಾರೆ. ಇನ್ನೊಂದು, ರಕ್ತದೊತ್ತಡವನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಬಚ್ಚಲಲ್ಲಿ ಬಿದ್ದದ್ದಕ್ಕೆ ಕಾಲಿನ ದೌರ್ಬಲ್ಯದ ಜೊತೆಗೆ ಮಾತ್ರೆಯೂ ಕಾರಣವಿರಬಹುದು. ನಿದ್ರೆಯ ಮಾತ್ರೆ ಬೀಳುವ ಅಪಾಯವನ್ನು ಹೆಚ್ಚಿಸುತ್ತದೆ. ಅದನ್ನು ತಾವೇ ತಟ್ಟನೆ ನಿಲ್ಲಿಸದೆ, ಕೊಟ್ಟ ವೈದ್ಯರೊಡನೆ ಮಾತನಾಡಿ ಹಂತಹಂತವಾಗಿ ಇಳಿಸಿ. ಬೆನ್ನುಮೂಳೆ ಕುಸಿದಿದೆಯೇ ಎಂಬ ಅನುಮಾನವಿದ್ದರೆ ಸೊಂಟ ಬಗ್ಗಿಸಿ ನೆಲ ಮುಟ್ಟುವಂಥದ್ದೂ ಮೈ ತಿರುಚುವಂಥದ್ದೂ ಬೇಡ. ಎದೆನೋವು, ಸ್ವಲ್ಪ ಶ್ರಮಕ್ಕೇ ಏದುಸಿರು, ತಲೆಸುತ್ತು ಇದ್ದರೆ ಹೃದಯದ ಪರೀಕ್ಷೆ ಆಗುವವರೆಗೆ ಆರಂಭಿಸಬೇಡಿ. ಇವು ಯಾವುವೂ ಇಲ್ಲದಿದ್ದರೆ, ವ್ಯಾಯಾಮ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು ಅಪಾಯ.

ಇನ್ನು ಊಟ. ಎಲುಬು ಕೀಲಿಗೆಂದು ಎಲ್ಲರೂ ಕ್ಯಾಲ್ಸಿಯಂ ಮಾತ್ರೆ ಕೇಳುತ್ತಾರೆ, ಪ್ರೋಟೀನ್ ಎಷ್ಟು ಎಂದು ಯಾರೂ ಕೇಳುವುದಿಲ್ಲ. ವಯಸ್ಸಾದವರಿಗೆ ಮೈತೂಕದ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ಈಗ ಬಹುಪಾಲು ತಜ್ಞರ ಅಭಿಪ್ರಾಯ. 44 ಕೆ.ಜಿ.ಗೆ ಸುಮಾರು 50 ಗ್ರಾಂ ಆಯಿತು. ಮಲೆನಾಡಿನ ಸಸ್ಯಾಹಾರಿ ವೃದ್ಧೆಯೊಬ್ಬರ ದಿನದ ಊಟವನ್ನು ಕಣ್ಣ ಮುಂದೆ ತಂದುಕೊಳ್ಳಿ: ಬೆಳಿಗ್ಗೆ ತೆಳ್ಳೇವು (ಅಕ್ಕಿಯ ತೆಳು ದೋಸೆ), ಮಧ್ಯಾಹ್ನ ಅನ್ನ, ತಂಬುಳಿ, ನೀರು ಮಜ್ಜಿಗೆ, ರಾತ್ರಿ ಗಂಜಿ. ಹೊಟ್ಟೆ ತುಂಬುತ್ತದೆ, ಜೀರ್ಣಕ್ಕೂ ಹಗುರ, ಆದರೆ ಪ್ರೋಟೀನ್ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಇರುವುದು ಏಳೆಂಟು ಗ್ರಾಂ, ಅಷ್ಟೇ ತೊಗರಿಬೇಳೆಯಲ್ಲಿ ಇಪ್ಪತ್ತರ ಮೇಲೆ. 200 ಮಿ.ಲೀ. ಹಾಲಿನಲ್ಲಿ ಆರೇಳು ಗ್ರಾಂ. ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು, ಸಾರಿನ ತಿಳಿಯ ಬದಲು ಬೇಳೆಯ ಗಟ್ಟಿ, ಸಂಜೆ ಹುರಿಗಡಲೆ ಪುಡಿ ಬೆರೆಸಿದ ಒಂದು ಲೋಟ ಹಾಲು, ವಾರಕ್ಕೆರಡು ದಿನ ಮೆತ್ತಗೆ ಬೇಯಿಸಿದ ಹುರುಳಿ ಅಥವಾ ಹೆಸರುಕಾಳು ಸೇರಿಸಿದರೆ ಡಬ್ಬಿಯ ಪುಡಿ ಬೇಕಾಗುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಈ ಲೆಕ್ಕವನ್ನು ತಮ್ಮ ವೈದ್ಯರನ್ನು ಕೇಳಿಯೇ ಅನುಸರಿಸಬೇಕು. ಊಟವೊಂದನ್ನೇ ಹೆಚ್ಚಿಸಿ ಕಾಲಿಗೆ ಕೆಲಸ ಕೊಡದಿದ್ದರೆ ಪ್ರಯೋಜನವಿಲ್ಲ. ಬೋಸ್ಟನ್ನಿನ ಅದೇ ತಂಡ 1994ರಲ್ಲಿ ನೂರು ಮಂದಿ ವೃದ್ಧರ ಮೇಲೆ ನಡೆಸಿದ ಅಧ್ಯಯನದಲ್ಲಿ, ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಪಡೆದವರ ಬಲದಲ್ಲಿ ಏರಿಕೆ ಕಾಣಲಿಲ್ಲ.

ಉತ್ತರ 4: ಆಕ್ಲೆಂಡಿನಲ್ಲಿರುವ ಕನ್ನಡದ ನರ್ಸ್

ಮನೆಯಲ್ಲಿ ಅಷ್ಟೇ ಫಲ ಬರುವುದೋ ಇಲ್ಲವೋ ಎಂದು ಮೊದಲ ಉತ್ತರದವರು ಎಚ್ಚರದಿಂದ ಹೇಳಿದ್ದಾರೆ. ನಾನಿರುವ ನ್ಯೂಜಿಲೆಂಡಿನಲ್ಲಿ ಒಟಾಗೊ ವಿಶ್ವವಿದ್ಯಾಲಯದವರು ಈ ಪ್ರಶ್ನೆಗಾಗಿಯೇ ಒಂದು ಕ್ರಮವನ್ನು ರೂಪಿಸಿ, ಮೊದಲು ತಮ್ಮ ಮನೆಗಳಲ್ಲೇ ವಾಸಿಸುವ 80 ದಾಟಿದ ಹೆಂಗಸರಿಗೆ ಮಾಡಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಿಸಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಮಾತ್ರ ಮನೆಗೆ ಬರುತ್ತಿದ್ದರು; ಉಳಿದದ್ದು ಅಜ್ಜಿಯರದೇ ಕೆಲಸ. ಕಣಕಾಲಿಗೆ ಕಟ್ಟುವ ಭಾರ, ಜೊತೆಗೆ ಸಮತೋಲನದ ಅಭ್ಯಾಸ, ವಾರಕ್ಕೆ ಮೂರು ದಿನ ಅರ್ಧ ಗಂಟೆ, ಬಿಡುವಿನ ದಿನಗಳಲ್ಲಿ ನಡಿಗೆ. ಮುಂದೆ ಇಂಥ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು.

ನಾನು ಸೇರಿಸುವುದು ಆ ಸಮತೋಲನದ ಭಾಗವನ್ನು. ಕಟ್ಟೆಯ ಪಕ್ಕದಲ್ಲಿ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಸೆಕೆಂಡ್ ನಿಲ್ಲಿಸಿ. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ತಾವು ಪಕ್ಕದಲ್ಲೇ, ಸ್ವಲ್ಪ ಹಿಂದಕ್ಕೆ ನಿಲ್ಲಬೇಕು. ತೋಳು ಹಿಡಿದು ಎಳೆಯಬೇಡಿ, ಸೊಂಟದ ಬಳಿ ಕೈ ಸಿದ್ಧವಾಗಿರಲಿ. ಜಾರುವ ಹವಾಯಿ ಚಪ್ಪಲಿ ಬೇಡ. ಬಚ್ಚಲಿನ ಮೆಟ್ಟಿಲ ಪಕ್ಕ ಗೋಡೆಗೆ ಹಿಡಿಕಂಬಿಯನ್ನು ಈ ವಾರವೇ ಹಾಕಿಸಿ. ಬಲ ಬರಲು ಎರಡು ತಿಂಗಳು ಬೇಕು, ಕಂಬಿಗೆ ಒಂದು ದಿನ ಸಾಕು.

ಸಾಗರ ಸೀಮೆಯವಳಿಂದ, ಹನ್ನೊಂದು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ವೈದ್ಯರ ಊಹೆ ನಿಜವಾಯಿತು. ಎದ್ದು ನಿಂತಾಗ ಅಮ್ಮನ ರಕ್ತದೊತ್ತಡ 26 ಅಂಕಿ ಇಳಿಯುತ್ತಿತ್ತು. ಒಂದು ಮಾತ್ರೆಯ ಪ್ರಮಾಣವನ್ನು ಅರ್ಧ ಮಾಡಿದರು, ನಿದ್ರೆಯ ಮಾತ್ರೆಯನ್ನು ಆರು ವಾರಗಳಲ್ಲಿ ನಿಧಾನವಾಗಿ ಬಿಡಿಸಿದರು. ಉಳಿದ ಪರೀಕ್ಷೆಗಳಲ್ಲಿ ಗಾಬರಿಪಡುವಂಥದ್ದು ಏನೂ ಸಿಗಲಿಲ್ಲ. ಹಲ್ಲಿನ ಸೆಟ್ಟು ಮಾತ್ರ ಹೊಸದಾಗಿ ಮಾಡಿಸಬೇಕಾಯಿತು.

ಮೊದಲ ದಿನ ಜಮಖಾನವನ್ನು ನಾಲ್ಕು ಮಡಿಕೆ ಹಾಕಿದ ಮೇಲೆ ಕೈ ಊರದೆ ಆರು ಸಲ ಎದ್ದರು. ಬರಿಯ ಕುರ್ಚಿಯಿಂದ ಒಂದು ಸಲವೂ ಆಗಲಿಲ್ಲ. ಹೇಳಿದಂತೆ ಅದನ್ನೇ ಬರೆದಿಟ್ಟೆ. ಮೂರನೆಯ ವಾರ ನನ್ನದೇ ತಪ್ಪಿನಿಂದ ಒಂದು ತೊಡಕಾಯಿತು. ಉತ್ಸಾಹದಲ್ಲಿ ಒಂದೇ ದಿನ ಎರಡು ಮಡಿಕೆ ತೆಗೆದು ಮರಳನ್ನೂ ಕಾಲು ಕೆ.ಜಿ. ಹೆಚ್ಚಿಸಿದ್ದೆ; ಬಲಮಂಡಿ ಊದಿಕೊಂಡು ಒಂಬತ್ತು ದಿನ ಕುರ್ಚಿಯ ವ್ಯಾಯಾಮ ನಿಲ್ಲಿಸಬೇಕಾಯಿತು. ಅಂದಿನಿಂದ ಒಂದು ಸಲಕ್ಕೆ ಒಂದನ್ನು ಮಾತ್ರ ಏರಿಸುತ್ತಿದ್ದೇನೆ. ಆ ಒಂಬತ್ತು ದಿನ ಚಿಕ್ಕಪ್ಪನವರ ಎದುರು ನಿಲ್ಲುವುದೇ ಕಷ್ಟವಾಗಿತ್ತು.

ಈಗ ಮಡಿಕೆಗಳೆಲ್ಲ ಹೋಗಿವೆ. ನಿನ್ನೆ ಕೈ ಕಟ್ಟಿಕೊಂಡು ಬರಿಯ ಕುರ್ಚಿಯಿಂದ ಐದು ಸಲ ಎದ್ದು ಕೂರಲು 19 ಸೆಕೆಂಡ್ ತೆಗೆದುಕೊಂಡರು. 12 ಇನ್ನೂ ದೂರವಿದೆ. ಮರಳಿನ ಚೀಲ ಒಂದೂಕಾಲು ಕೆ.ಜಿ.ಗೆ ಬಂದಿದೆ, ಮೈತೂಕ 45.5. ಹಗಲಿನಲ್ಲಿ ಕಂಬಿ ಹಿಡಿದು ಬಚ್ಚಲಿಗೆ ತಾವೊಬ್ಬರೇ ಹೋಗುತ್ತಾರೆ; ರಾತ್ರಿ ಇನ್ನೂ ನನ್ನನ್ನು ಕರೆಯುತ್ತಾರೆ, ಕರೆಯಲಿ ಎಂದೇ ನಾನೂ ಹೇಳಿದ್ದೇನೆ.

ಫಿಸಿಯೋಥೆರಪಿಸ್ಟ್ ಅವರಲ್ಲಿ ಒಂದು ಪ್ರಶ್ನೆ ಉಳಿದಿದೆ. ಇದನ್ನು ಎಷ್ಟು ದಿನ ಮಾಡಬೇಕು ಎಂದು ಅಮ್ಮ ಕೇಳುತ್ತಿದ್ದಾರೆ.

ಉತ್ತರ 1ರವರಿಂದ

ನಿಲ್ಲಿಸಿದರೆ ಬಂದ ಬಲ ಕೆಲವೇ ತಿಂಗಳಲ್ಲಿ ಇಳಿಯತೊಡಗುತ್ತದೆ, ಆದ್ದರಿಂದ ನಿಲ್ಲಿಸುವ ದಿನವೆಂಬುದು ಇಲ್ಲ. ಬಲ ಒಂದು ಮಟ್ಟಕ್ಕೆ ಬಂದ ಮೇಲೆ ಅದನ್ನು ಉಳಿಸಿಕೊಳ್ಳಲು, ಭಾರವನ್ನು ಇಳಿಸದಿದ್ದರೆ, ವಾರಕ್ಕೆ ಎರಡು ದಿನವೂ ಸಾಕಾಗಬಹುದು. ಆದರೆ 19 ಸೆಕೆಂಡಿನಲ್ಲಿ ಇರುವವರಿಗೆ ಆ ಮಾತು ಈಗಲೇ ಹೇಳಬೇಡಿ. ಮುಂದಿನ ವಾರದಿಂದ ಜಗಲಿಯ ಅತಿ ತಗ್ಗಿನ ಮೆಟ್ಟಿಲನ್ನು ಕಂಬ ಹಿಡಿದು, ಎಡಗಾಲು ಮುಂದಿಟ್ಟು ಐದು ಸಲ ಹತ್ತಿ ಇಳಿಯಲಿ. ಬಲಮಂಡಿ ಸುಮ್ಮನಿದ್ದರೆ ಅದಾದ ವಾರ ಬಲಗಾಲು.

ಸಾಗರ ಸೀಮೆಯವಳಿಂದ

ಓದಿ ಹೇಳಿದೆ. "ಹಾಗಾದರೆ ಒಂದೂವರೆ ಕೆ.ಜಿ.ಯ ಚೀಲವನ್ನೂ ಈಗಲೇ ಹೊಲಿದಿಡು, ಮಳೆ ಹಿಡಿದರೆ ಒಣ ಮರಳು ಸಿಗುವುದಿಲ್ಲ" ಎಂದರು.